ಸೀಟಿನಡಿಯ ತಂತಿ

ಜೂನ್ 4, ಬೆಳಿಗ್ಗೆ 6.40

ಆಯಿಲ್ ನೋಡಿದ್ದಾಯಿತು, ಗೆರೆಗೆ ಸರಿಯಾಗಿದೆ. ಗಾಡಿಯ ಹೊಟ್ಟೆಗೆ ಅಂಟಿದ್ದ ಒದ್ದೆ ಹುಲ್ಲು ಕೆರೆದು ತೆಗೆದೆ — ಎಂಜಿನ್ ಅಕಸ್ಮಾತ್ ಸ್ಟಾರ್ಟ್ ಆಗದಂತೆ ಪ್ಲಗ್ ವೈರ್ ಕಿತ್ತಿಟ್ಟ ಮೇಲೆಯೇ. ಅದನ್ನು ಕೀಳದೆ ಬ್ಲೇಡಿಗೆ ಕೈ ಹಾಕುವವರು ಈ ಗಾಡಿಯ ಹತ್ತಿರ ಸುಳಿಯಬಾರದು. ಹನ್ನೊಂದು ವರ್ಷದಿಂದ ಈ ಗಾಡಿಯ ಮೇಲೆ ಕೂತು ಕಾಲೇಜು ಮೈದಾನದ ಹುಲ್ಲು ಕತ್ತರಿಸುತ್ತಿದ್ದೇನೆ. ಹತ್ತು ಬೆರಳೂ ಇವೆ, ಬೇಕಾದವರು ಎಣಿಸಿಕೊಳ್ಳಲಿ.

ಇಳಿಜಾರನ್ನು ಮೇಲಿಂದ ಕೆಳಕ್ಕೆ ಹೊಡೆದೆ. ಅಡ್ಡ ಹೊಡೆದರೆ ಮಗುಚುತ್ತದೆ. ಗುಂಡಿಯಲ್ಲಿ ಎಗರಿದರೂ ಎಂಜಿನ್ ಕೆಮ್ಮಲಿಲ್ಲ.

ಜೂನ್ 9

ಕಣ್ಣಿನ ಪೊರೆ ತೆಗೆಯಲೇಬೇಕಂತೆ. ಹದಿನೈದು ದಿನ ಗಾಡಿ ಹತ್ತುವಂತಿಲ್ಲ. ಅಲ್ಲಿಯವರೆಗೆ ಭಾವನ ಕೈಗೆ. ಅಕ್ಕನ ಗಂಡ, ಇಲ್ಲೇ ಗಿಡಗಳಿಗೆ ನೀರು ಬಿಡುವವರು. ಚಿನ್ನದಂಥ ಮನುಷ್ಯ. ಆದರೆ ಹುಲ್ಲಿನ ಮೇಲೆ ಒಂದು ಚಾಕೊಲೇಟ್ ಕಾಗದ ಕಂಡರೂ ಬಗ್ಗಿ ಎತ್ತದೆ ಮುಂದೆ ಹೋಗುವ ಜಾಯಮಾನವಲ್ಲ.

ಅಕ್ಕ ನಗುತ್ತಲೇ ಹೇಳಿದಳು, "ಹೇಗಿದ್ದಾರೋ ಹಾಗೇ ವಾಪಸ್ ಕಳಿಸೇ. ನಂಗಿರೋದು ಒಬ್ಬನೇ ಗಂಡ."

ಕಳಿಸುತ್ತೇನೆ ಎಂದೆ.

ಜೂನ್ 11

ಭಾವನಿಗೆ ಹಾಳೆ ಬರೆದುಕೊಟ್ಟೆ. ಹೊಸದಾಗಿ ಬರೆಯುವುದೇನು... ಶೆಡ್ಡಿನ ಗೋಡೆಯ ಮೇಲಿದ್ದುದನ್ನೇ ನಕಲು ಹೊಡೆದೆ. ಅದೂ ನನ್ನದೇ ಕೈಬರಹ, ಕೆಲಸಕ್ಕೆ ಸೇರಿದ ವರ್ಷದ್ದು. ಒಟ್ಟು ಹದಿನಾಲ್ಕು. ಕಲ್ಲು ಕಡ್ಡಿ ಮೊದಲೇ ಹೆಕ್ಕಬೇಕು, ಬಿಸಿ ಎಂಜಿನ್‌ಗೆ ಪೆಟ್ರೋಲ್ ಹಾಕಬಾರದು, ಹಿಂದಕ್ಕೆ ಹೋಗುವಾಗ ತಿರುಗಿ ನೋಡಬೇಕು, ಇತ್ಯಾದಿ. ಭಾವ ಪರೀಕ್ಷೆಗೆ ಕೂರುವವರಂತೆ ಓದಿದರು. ನಾಳೆಯಿಂದ ಅವರದೇ ಕಾರುಬಾರು. ನಾನು ನಿಶ್ಚಿಂತೆ.

ಜೂನ್ 15, ಬೆಳಿಗ್ಗೆ 10

ಒಂದೇ ಕಣ್ಣಲ್ಲಿ ಬರೆಯುತ್ತಿದ್ದೇನೆ, ಸಾಲು ಸೊಟ್ಟ. ಆಪರೇಷನ್ ನಿನ್ನೆ ಮುಗಿಯಿತು. ಈಗ ಅಕ್ಕ ಬಂದು ಮಂಚದ ತುದಿಯಲ್ಲಿ ಕೂತಿದ್ದಳು. ನೀರು ತರಲು ಎದ್ದಳು, ಹಾಸಿಗೆ ಮೇಲೆದ್ದಿತು. ಆಗ ನೆನಪಾಯಿತು.

ಸೀಟ್. ಗಾಡಿಯ ಸೀಟಿನಡಿ ಒಂದು ಸ್ವಿಚ್ ಇದೆ. ಬ್ಲೇಡ್ ತಿರುಗುವಾಗ ಕೂತವರು ಎದ್ದರೆ ಎಂಜಿನ್ ತಾನೇ ನಿಲ್ಲಬೇಕು. ನಾನು ನಲವತ್ತೇ ಕೇಜಿ. ಗುಂಡಿಯಲ್ಲಿ ಸ್ವಲ್ಪ ಎಗರಿದರೂ ನಾನಿಲ್ಲವೆಂದು ತಿಳಿದು ಗಾಡಿ ಆಫ್. ಎರಡು ವರ್ಷದ ಹಿಂದೆ ರೋಸಿಹೋಗಿ ಯಾರು ಎದ್ದರೂ ಎಂಜಿನ್ ನಿಲ್ಲದಂತೆ ಒಂದು ತಂತಿ ಸುತ್ತಿ ಸ್ವಿಚ್ಚಿನ ಬಾಯಿ ಮುಚ್ಚಿಸಿದೆ. ನಾನೇನು ಬ್ಲೇಡ್ ತಿರುಗುವಾಗ ಇಳಿಯುವವಳಲ್ಲ. ಆಮೇಲೆ ಮರೆತೇಬಿಟ್ಟೆ.

ಭಾವ ಇಳಿಯುತ್ತಾರೆ. ಕಾಗದ ಕಂಡರೆ ಇಳಿದೇ ಇಳಿಯುತ್ತಾರೆ.

ಫೋನ್ ಎತ್ತುತ್ತಿಲ್ಲ. ಮೂರು ಸಲ ಮಾಡಿದೆ. ಅಕ್ಕನ ಮುಖ ನೋಡಲಾಗುತ್ತಿಲ್ಲ. ಟ್ಯಾಕ್ಸಿ ಬರುವವರೆಗೆ ಸುಮ್ಮನೆ ಕೂರಲಾಗದೆ ಬರೆಯುತ್ತಿ... ಹಾರ್ನ್.

ಅದೇ ದಿನ, ಸಂಜೆ

ಗಾಡಿ ಶೆಡ್ಡಿನಲ್ಲೇ ಇತ್ತು. ಪಕ್ಕದ ಸ್ಟೂಲಿನ ಮೇಲೆ ಭಾವ, ಕಾಲ ಮೇಲೆ ಕಾಲು ಹಾಕಿಕೊಂಡು. ಎರಡೂ ಕಾಲು ನೋಡಿದೆ. ಅಳು ಬಂತು. ಕಣ್ಣಿನ ಕಟ್ಟು ಒದ್ದೆಯಾಗಬಾರದೆಂದು ನುಂಗಿಕೊಂಡೆ. ನೀರಿಗೆ ಬೀಳುತ್ತದೆಂದು ಫೋನನ್ನು ಮನೆಯಲ್ಲೇ ಇಟ್ಟು ಬರುತ್ತಾರಂತೆ.

ಹಾಳೆ ತೆಗೆದು, ನಾನು ಯೋಚಿಸದೆ ನಕಲು ಹೊಡೆದ ಒಂದನೇ ನಂಬರನ್ನು ನನಗೇ ಓದಿ ಹೇಳಿದರು. ದಿನಾ ಸಮತಟ್ಟು ಜಾಗದಲ್ಲಿ ಬ್ಲೇಡ್ ತಿರುಗಿಸಿ, ಕೆಳಗಿಳಿಯದೆ ಸೀಟಿನಿಂದ ಕೊಂಚ ಏಳಬೇಕು. ಎಂಜಿನ್ ನಿಲ್ಲದಿದ್ದರೆ ಗಾಡಿ ಮುಟ್ಟಬಾರದು. ಮೊದಲ ದಿನ ಭಾವ ಎದ್ದು ನೋಡಿದಾಗ ನಿಲ್ಲಲಿಲ್ಲ. ನಾಲ್ಕು ದಿನದಿಂದ ಮುಟ್ಟಿಲ್ಲ. ಪ್ರಿನ್ಸಿಪಾಲರಿಂದ ಬೈಸಿಕೊಂಡರೂ ನನಗೆ ಹೇಳಿರಲಿಲ್ಲ, ಆಪರೇಷನ್ ಹೊತ್ತಲ್ಲಿ ತಲೆಬಿಸಿ ಯಾಕೆಂದು.

"ಈ ತಂತಿ ಯಾರು ಸುತ್ತಿದ್ದಮ್ಮಾ?"

"ನಾನೇ ಭಾವ."

ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಜೂನ್ 30, ಬೆಳಿಗ್ಗೆ 6.30

ಪ್ರಿನ್ಸಿಪಾಲರಿಗೆ ನಾನೇ ಹೋಗಿ ಹೇಳಿದೆ. ಸರಿಯಾಗಿಯೇ ಉಗಿದರು. ಮೆಕ್ಯಾನಿಕ್ ಬಂದು ತಂತಿ ತೆಗೆದು, ಸೀಟಿನ ಸ್ಪ್ರಿಂಗನ್ನು ನನ್ನ ತೂಕಕ್ಕೆ ಸಡಿಲ ಮಾಡಿದ. ಹತ್ತೇ ನಿಮಿಷದ ಕೆಲಸ. ಎರಡು ವರ್ಷ ಆ ಹತ್ತು ನಿಮಿಷ ಉಳಿಸಿಕೊಂಡು ಓಡಾಡಿದ್ದೇನೆ.

ಕಣ್ಣು ಈಗ ಎಷ್ಟು ಚೆನ್ನಾಗಿದೆಯೆಂದರೆ, ಹುಲ್ಲಿನ ಒಂದೊಂದು ಎಸಳೂ ಬೇರೆ ಬೇರೆ ಕಾಣುತ್ತಿದೆ. ಇವತ್ತು ಇಡೀ ಮೈದಾನ ಮುಗಿಸುತ್ತೇನೆ. ಭಾವ ಹಾಳೆ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಒಂದನೇ ನಂಬರು ಅವರ ಕಣ್ಣೆದುರೇ ಆಗಬೇಕಂತೆ. ಬ್ಲೇಡ್ ತಿರುಗಿಸಬೇಕು, ಏಳಬೇಕು, ಎಂಜಿನ್ ನಿಲ್ಲಬೇಕು. ನಿಲ್ಲುತ್ತದೆ, ಗೊತ್ತು. ಆದರೂ ನೋಡಿಯೇ ಹೊರಡಬೇಕು. ಕೂಗುತ್ತಿದ್ದಾರೆ... ಬಂದೆ ಭಾವ, ಬಂ—