ಲೆವಿ ದಫ್ತರ ತಂದಾಕಿ

೩ ಫೆಬ್ರವರಿ ೧೯೮೬, ಸೋಮವಾರ. ಆಳಂದ.

ನಾಲ್ಕನೇ ಇಯತ್ತೆಯ ಪೇಪರ್ ತಿದ್ದುವುದು ಅರ್ಧ ಉಳಿದಿದೆ. ಲಕ್ವ ಹೊಡೆದ ಇವರ ಬಲಗೈ ಇನ್ನೂ ಏಳುವುದಿಲ್ಲ. ಎಣ್ಣೆ ತಿಕ್ಕಿ ಮೈತೊಳೆಸಿದೆ. ಕಣ್ಣಿನ ಪೊರೆಯೂ ಬಲಿತಿದೆ, ದಿನಪತ್ರಿಕೆ ನಾನೇ ಓದಿ ಹೇಳಬೇಕು.

ಸಂಜೆ ಐದಕ್ಕೆ ಖಜೂರಿಯಿಂದ ಒಬ್ಬಾಕಿ ಬಂದಳು. ಹೆಸರು ನಿಂಬೆವ್ವ. ಜೊತೆಗೆ ತಮ್ಮ ಮಲ್ಕಪ್ಪ. ಆಕಿಗೆ ಐವತ್ತೈದು ಇದ್ದೀತು. ಕಪ್ಪು, ಎತ್ತರ, ಬೆನ್ನು ಕೋಲಿನಂತೆ ನೆಟ್ಟಗೆ. ನನಗೆ ಆಕಿಗಿಂತ ಮೂರು ವರ್ಷ ಕಡಿಮೆ, ಬೆನ್ನು ಈಗಲೇ ಬಾಗಿದೆ.

ದನಿ ಕೇಳಿದ ಕೂಡಲೇ ಇವರು "ನಿಂಬೀ?" ಅಂದರು. ನಿಂಬೆವ್ವ ಅಲ್ಲ. ನಿಂಬಿ. ಮೂವತ್ತೈದು ವರ್ಷದ ಸಂಸಾರ... ಆ ಹೆಸರು ಒಮ್ಮೆಯೂ ಕೇಳಿಲ್ಲ.

೪ ಫೆಬ್ರವರಿ.

ಬಂದದ್ದು ಯಾಕೆಂದರೆ — ನಿಜಾಮನ ವಿರುದ್ಧ ಹೋರಾಡಿದವರ ಯಾದಿಗೆ ಹೊಸ ಹೆಸರು ಸೇರಿಸುತ್ತಿದ್ದಾರಂತೆ. ಮೊದಲೇ ಯಾದಿಯಲ್ಲಿ ಇರುವವರೊಬ್ಬರು ಬರೆದುಕೊಡಬೇಕು. ಇವರು ಇದ್ದಾರಲ್ಲ.

ಆ ಕಾಲದ ಲೆವಿ ನನಗೂ ನೆನಪಿದೆ. ಬೆಳೆದ ಜೋಳದಲ್ಲಿ ಇಂತಿಷ್ಟು ಸರ್ಕಾರಕ್ಕೆ ಅಳೆಯಬೇಕು, ಅವರು ಹೇಳಿದ ದರಕ್ಕೆ. ಮನೆಯಲ್ಲಿ ಕಾಳು ಉಳಿಯಲಿ ಬಿಡಲಿ. ಯಾವ ಮನೆ ಎಷ್ಟು ಅಂತ ಬರೆದ ದಫ್ತರ ಅಕ್ಕಲಕೋಟ ದಾರಿಯ ಸುಂಕದ ನಾಕಾದಲ್ಲಿತ್ತು. ೧೯೪೭ರ ಚಳಿಗಾಲ ಅದು ಕಳವಾಯಿತು. ಸರಹದ್ದಿನ ಆಚೆ ಇವರಿದ್ದ ಹೋರಾಟಗಾರರ ಶಿಬಿರಕ್ಕೆ ಬಂತು. ಇವರೇ ಬೆಂಕಿ ಹಚ್ಚಿದರು. ಹದಿನಾಲ್ಕು ಹಳ್ಳಿಯವರು ಆ ವರ್ಷ ಒಂದು ಕಾಳೂ ಅಳೆಯಲಿಲ್ಲ. ಲೆವಿ ಕೊಡದಿದ್ದರೂ ನಡೆಯುತ್ತದೆ ಅಂತ ಒಮ್ಮೆ ಗೊತ್ತಾದ ಜನ ಆಮೇಲೆ ನಿಜಾಮನ ಯಾವ ಹುಕುಮಿಗೂ ಬಗ್ಗಲಿಲ್ಲ.

ಪ್ರತಿ ಆಗಸ್ಟ್ ಹದಿನೈದಕ್ಕೆ ನಮ್ಮ ಸಾಲಿಯಲ್ಲಿ ಇವರು ಹೇಳುತ್ತಿದ್ದುದು ಇದನ್ನೇ. "ದಫ್ತರ ನಮ್ಮವರೊಬ್ಬರು ತಂದರು" ಅನ್ನುತ್ತಿದ್ದರು. ನಾನೂ ಮಕ್ಕಳಿಗೆ ಹಾಗೇ ಕಲಿಸಿದೆ. ಮಕ್ಕಳು ಚಿತ್ರ ಬರೆಯುತ್ತಿದ್ದವು — ಮೀಸೆ ಇಟ್ಟು.

ನಮ್ಮವರೊಬ್ಬರು ಅಂದರೆ ಈಕಿ.

ಯಾಕೆ ಮುಚ್ಚಿಟ್ಟಿರಿ ಅಂತ ಕೇಳಿದೆ. "ಆಕೀನ ಬ್ಯಾಡ ಅಂದಿದ್ಲು. ಗೊತ್ತಾದ್ರ ಅಪ್ಪನ್ನ ಕೊಲ್ತಿದ್ರು." ಆಕಿಯ ಅಪ್ಪ ತೀರಿಕೊಂಡೇ ಇಪ್ಪತ್ತು ವರ್ಷವಂತೆ. ಆಕಿ ಅಂದದ್ದನ್ನು ಮಾತ್ರ ಇವತ್ತಿನವರೆಗೆ ಕಾಯ್ದಿದ್ದಾರೆ. ನಾನು ಅಂದದ್ದು ಸಂಜೆಗೆ ಮರೆಯುತ್ತಾರೆ.

೬ ಫೆಬ್ರವರಿ. ಸಾಲಿ ಬಿಟ್ಟ ಮೇಲೆ.

ಜೈತುನಬಿ, ನಮ್ಮ ಉರ್ದು ಟೀಚರ್, ಖಜೂರಿ ಕಡೆಯಾಕಿ. ಸುಮ್ಮನೆ ವಿಚಾರಿಸಿದಂತೆ ವಿಚಾರಿಸಿದೆ. ನಿಂಬೆವ್ವನ ಲಗ್ನವೇ ಆಗಲಿಲ್ಲವಂತೆ. ಹುಡುಗಿಯಿದ್ದಾಗ ಗಂಡಸರ ಶಿಬಿರದಲ್ಲಿ ಮೂರು ದಿನ ಇದ್ದು ಬಂದಳು ಅಂತ ಯಾರೂ ಹೆಣ್ಣು ಕೇಳಲು ಬರಲಿಲ್ಲ.

ಮೂರು ದಿನ.

ಇವರು ಅದನ್ನೂ ಹೇಳಲಿಲ್ಲ.

೯ ಫೆಬ್ರವರಿ, ರವಿವಾರ.

ಇವತ್ತು ಕಾಗದ ಬರೆಸಿದರು. ಗೋಡೆಗೆ ಒರಗಿ, ಕಣ್ಣು ಮುಚ್ಚಿ, ನಿಧಾನಕ್ಕೆ. ಮೋರೆಯ ಮೇಲೆ ಅಂಥ ಕಳೆ ಎಷ್ಟೋ ದಿನದಿಂದ ಕಂಡಿರಲಿಲ್ಲ. "ನಾಕಾದ ಲೆವಿ ದಫ್ತರವನ್ನು ಒಬ್ಬಳೇ ಹೊತ್ತು, ಎಂಟು ಮೈಲು ನಡೆದು, ಶಿಬಿರಕ್ಕೆ ಮುಟ್ಟಿಸಿದವಳು ಈಕೆಯೇ" ಅಂದರು.

"ಶಿಬಿರಕ್ಕೆ ಆಗಾಗ ರೊಟ್ಟಿ, ನೀರು ಮುಟ್ಟಿಸುತ್ತಿದ್ದರು" ಅಂತ ಬರೆದೆ.

ಓದು ಅಂದರು. ಅವರು ಹೇಳಿದ್ದನ್ನೇ ಓದಿದೆ, ಬರೆದದ್ದನ್ನಲ್ಲ. ಎಡಗೈಯಿಂದ ಸಹಿ ಮಾಡಿದರು. ಎಲ್ಲಿ ಮಾಡಬೇಕಂತ ಬೆರಳು ಹಿಡಿದು ನಾನೇ ತೋರಿಸಿದೆ.

೧೦ ಫೆಬ್ರವರಿ.

ಮಲ್ಕಪ್ಪ ಬಂದು ಒಯ್ದ. ಎರಡೂ ಕೈಲೆ ಇಸಿದುಕೊಂಡ.

೨೭ ಏಪ್ರಿಲ್, ರವಿವಾರ.

ಎರಡೂವರೆ ತಿಂಗಳು ಏನೂ ಬರೆದಿಲ್ಲ. ಬರೆಯಲು ಕೂತರೆ ಅದನ್ನೇ ಬರೆಯಬೇಕಾಗುತ್ತಿತ್ತು.

ಇವತ್ತು ನಿಂಬೆವ್ವ ಒಬ್ಬಳೇ ಬಂದಳು. ಇವರನ್ನು ಪಕ್ಕದ ಮನೆಯವರು ಕ್ಷೌರಕ್ಕೆ ಕರೆದುಕೊಂಡು ಹೋಗಿದ್ದರು. ಆಕಿಗೆ ಓದಲು ಬರುವುದಿಲ್ಲ. ಗುಲಬರ್ಗಾದಿಂದ ಬಂದ ಲಕೋಟೆ ನನ್ನ ಕೈಗೆ ಕೊಟ್ಟಳು. ಓದಿದೆ. ರೊಟ್ಟಿ, ನೀರು ಒದಗಿಸಿದವರನ್ನು ಹೋರಾಟಗಾರರೆಂದು ಪರಿಗಣಿಸಲಾಗದು. ಅರ್ಜಿ ವಜಾ.

ಆಕಿ ಸಿಟ್ಟಾಗಲಿಲ್ಲ. ಅರ್ಥವಾಗದವಳಂತೆ ನೋಡಿದಳು. "ರೊಟ್ಟಿ ನಾ ಯಾವಾಗ ಕೊಟ್ಟಿನ್ರಿ ಅಕ್ಕೋರ? ನಮ್ಮ ಮನ್ಯಾಗ ರೊಟ್ಟಿ ಎಲ್ಲಿದ್ವು?"

ನನಗೆ ತಡೆಯಲಾಗಲಿಲ್ಲ. ಇವರ ಸಲುವಾಗಿ ತಂದಿರೇನು ದಫ್ತರ ಅಂತ ಕೇಳಿಯೇ ಬಿಟ್ಟೆ. ಯಾರ ಸಲುವಾಗಿ ಅಂತ ತಿಳಿಯಲಿಕ್ಕೇ ಆಕಿಗೆ ಹೊತ್ತು ಹಿಡಿಯಿತು.

ಆಮೇಲೆ ಹೇಳಿದಳು. ಅವ್ವನಿಗೆ ಹೊಟ್ಟೆಬ್ಯಾನಿ. ಸೋಲಾಪುರದ ದವಾಖಾನೆಗೆ ಬಂಡಿ ಕಟ್ಟಿದ್ದರು. ಅಲ್ಲಿ ಉಣ್ಣಲಿಕ್ಕೆ ಒಂದು ಚೀಲ ಜೋಳ ಇಟ್ಟುಕೊಂಡಿದ್ದರು. ನಾಕಾದವರು ಬಂಡಿ ನಿಲ್ಲಿಸಿದರು — ಲೆವಿ ಜೋಳ ಕದ್ದು ಗಡಿ ದಾಟಿಸುತ್ತೀರಿ ಅಂತ. ಅಪ್ಪ ಕಾಲು ಹಿಡಿದ. ಚೀಲ ಇಟ್ಟುಕೊಳ್ಳಿ, ಬಂಡಿ ಬಿಡಿ ಅಂದ. ತೂಗಬೇಕು, ಬರೆಯಬೇಕು, ಸಾಹೇಬ ಬರಬೇಕು...

"ಅವ್ವ ಬಿಸಲಾಗ, ಬಂಡ್ಯಾಗ ಸತ್ಲ್ರಿ. ಅವರು ಇನ್ನಾ ಚೀಲ ತೂಗಾಕತ್ತಿದ್ರು."

ಅದೇ ನಾಕಾದ ಕಸ ಹೊಡೆಯಲು ಆಕಿಯನ್ನೇ ವೆಟ್ಟಿಗೆ ಹಚ್ಚಿದರಂತೆ. ಕೂಲಿ ಇಲ್ಲ, ಒಲ್ಲೆ ಅನ್ನುವಂತಿಲ್ಲ. ದಿನಾ ಆ ದಫ್ತರದ ಮೇಲಿನ ಧೂಳು ಒರೆಸಿದಳು. ಒಂದು ದಿನ ಕಟ್ಟಿಗೆ ಹೊರೆಯೊಳಗೆ ಇಟ್ಟುಕೊಂಡು ನಡೆದಳು. ಮೂರು ದಿನ ಶಿಬಿರದಲ್ಲಿ ಉಳಿದದ್ದು ಕಾಲಿನ ತುಂಬ ಮುಳ್ಳು ಮುರಿದಿದ್ದವು ಅಂತ.

"ನಿಮ್ಮ ಮಾಲಕರ ಮಾರಿ ಸುದ್ದಾ ಆಗ ಸರಿ ನೋಡಿಲ್ರಿ. ಪೂರಾ ಸುಡೂತನಕ ದಫ್ತರನ ನೋಡ್ಕೋತ ನಿಂತಿದ್ದೆ."

ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಇವರ ಸಲುವಾಗಿ ತಂದಿದ್ದರೆ ಆಕಿ ನನ್ನಂಥಾಕಿಯೇ ಆಗುತ್ತಿದ್ದಳು. ಆ ವರ್ಷ ಗೊಬ್ಬೂರಿನಲ್ಲಿ ನಮ್ಮಪ್ಪನೂ ಲೆವಿ ಅಳೆದ. ನನಗೆ ಹದಿಮೂರು. ಚೀಲದ ಬಾಯಿ ಹಿಡಿದು ನಿಂತಿದ್ದೆ. ಸುಮ್ಮನೆ.

ಕಾಗದ ತಿರುಚಿದ್ದು ನಾನು ಅಂತ ಆಕಿಗೆ ಹೇಳಲಿಲ್ಲ. ಚಹಾ ಕೊಟ್ಟೆ.

೨೮ ಏಪ್ರಿಲ್.

ಇವರಿಗೆ ಹೇಳಿದೆ. "ಓದೂವಾಗ ನಿನ್ನ ದನಿ ನಡಗಿತ್ತು. ಆಕೀ ಕಥಿ ಕೇಳಿ ಅಳಾಕತ್ತೀ ಅಂತ ತಿಳಕೊಂಡಿದ್ದೆ" ಅಂದರು.

ಆಕಿ ಮೇಲೆ ಮನಸ್ಸಿತ್ತೇನು — ಕೇಳಿದೆ.

"ಇತ್ತು. ಆಕೀಗಿ ಗೊತ್ತಿಲ್ಲ."

ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ, ಎರಡನೇ ಕಾಗದ ಬರಿ ಅಂದರು. ಬರೆದೆ. ಒಂದಕ್ಷರ ಬದಲಿಸಲಿಲ್ಲ. ಓದಿಸಿ ಕೇಳಲು ಜೈತುನಬಿಯ ಗಂಡ ಬುರಾನುದ್ದೀನರನ್ನು ಕರೆಸಿದರು. ನನ್ನ ಮೇಲೆ ನಂಬಿಕೆ ಇಲ್ಲ ಅಂತ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

೧೬ ಜೂನ್, ಸೋಮವಾರ.

ಗುಲಬರ್ಗಾದಿಂದ ಈಗ ಬಂದೆವು. ಮೈಕೈ ನೋವು.

ಸಮಿತಿಯಲ್ಲಿ ಮೂವರು. ಎರಡೂ ಕಾಗದ ಎದುರಿಗೆ ಇಟ್ಟುಕೊಂಡಿದ್ದರು. ಒಬ್ಬರೇ ಮನುಷ್ಯರು ಎರಡು ಥರ ಯಾಕೆ ಬರೆದಿರಿ ಅಂತ ಅಧ್ಯಕ್ಷರು ಕೇಳಿದರು. ತಪ್ಪು ನಂದು, ಲಕ್ವ ಹೊಡೆದ ಮೇಲೆ ನೆನಪು ಸರಿ ಇಲ್ಲ ಅಂದರು ಇವರು. ನನ್ನನ್ನು ಉಳಿಸಲಿಕ್ಕೆ. ನೆನಪು ಸರಿ ಇಲ್ಲದವರ ಎರಡನೇ ಕಾಗದ ಹೇಗೆ ನಂಬುವುದು ಅಂತ ಅಧ್ಯಕ್ಷರು ಫೈಲು ಮುಚ್ಚಿದರು.

ನಿಂಬೆವ್ವ ನನ್ನ ಹಿಂದೆಯೇ ಕೂತಿದ್ದಳು. ಎದ್ದು ನಿಂತೆ.

"ಮೊದಲ್ನೇ ಕಾಗದ ನಾನು ತಿರುಚಿ ಬರದೀನ್ರಿ. ಇವರಿಗೆ ಕಣ್ಣು ಕಾಣೂದಿಲ್ಲ. ಹೊಟ್ಟಿಕಿಚ್ಚಿಗೆ ಬರದೆ."

ಬರೆದುಕೊಂಡರು. ನನ್ನ ಹೆಸರು, ಸಾಲಿಯ ಹೆಸರು. ಸಹಿ ಮಾಡಿದೆ. ಶಿಕ್ಷಣ ಇಲಾಖೆಗೂ ಕಳಿಸುತ್ತೇವೆ ಅಂದರು. ಆಮೇಲೆ ನಿಂಬೆವ್ವನನ್ನು ಮುಂದೆ ಕರೆದು ಪೂರಾ ಕೇಳಿಸಿಕೊಂಡರು. ಬಂಡಿಯ ಮಾತು ಬಂದಾಗ ಯಾರೂ ಬರೆದುಕೊಳ್ಳಲಿಲ್ಲ.

ಬಸ್ಸಿನಲ್ಲಿ ಆಕಿ ಪಕ್ಕದಲ್ಲೇ ಕೂತಳು. ಕಡಗಂಚಿ ದಾಟಿದ ಮೇಲೆ, ಹೊರಗೆ ನೋಡುತ್ತಲೇ — "ನನ್ನ ಮ್ಯಾಲ ಹೊಟ್ಟಿಕಿಚ್ಚು ಪಡೋರು ಸುದ್ದಾ ಅದಾರಂತ ಗೊತ್ತೇ ಇದ್ದಿಲ್ರಿ." ಸೆರಗು ಬಾಯಿಗೆ ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ.

೧೪ ಸೆಪ್ಟೆಂಬರ್, ರವಿವಾರ. ಮಧ್ಯಾಹ್ನ ನಾಲ್ಕು.

ಆರ್ಡರ್ ಬಂತಂತೆ. ಯಾದಿಯಲ್ಲಿ ನಿಂಬೆವ್ವನ ಹೆಸರು ಬಂದಿದೆ — ಲೆವಿ ದಫ್ತರ ತಂದವರು ಅಂತಲೇ. ಪೇಢೆ ತಂದಿದ್ದಾಳೆ. ಮೊದಲು ನನ್ನ ಕೈಯಲ್ಲಿಟ್ಟಳು.

ನನಗೂ ಇಲಾಖೆಯಿಂದ ನೋಟಿಸು. ಹದಿನೈದು ದಿನದಲ್ಲಿ ಉತ್ತರ ಕೊಡಬೇಕು. ಕೊಡುತ್ತೇನೆ. ಇದ್ದದ್ದನ್ನೇ ಬರೆಯುವುದು.

ಚಹಾಕ್ಕೆ ಹಾಲು ಇಟ್ಟು ಅಡುಗೆಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಪಡಸಾಲೆಯಲ್ಲಿ ಇಬ್ಬರೇ. ಆಗಿನಿಂದ ನಗುತ್ತಿದ್ದಾರೆ. ಇವರು ಹೀಗೆ ನಗುವುದು... ಈಗ ನಗು ನಿಂತಿತು. ಇವರು ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದಾರೆ. "ಖರೇನ ಏನ್ರಿ?" ಅಂದಳು.

ಏನು ಖರೆ? ಆಕಿಗೆ ಗೊತ್ತಿಲ್ಲ ಅಂದಿದ್ದರಲ್ಲ, ಅದನ್ನು ಹೇಳಿದ—

ಹಾಲು ಉಕ್ಕುತ್ತಿ