ಬಲಕ್ಕೆ ಬಂದ ಜೇಬು

ಮನೆಯಿಂದ,
ಭಾನುವಾರ ಬೆಳಿಗ್ಗೆ, ಹನ್ನೆರಡನೇ ತಾರೀಖು

ನನ್ನ ಮುದ್ದು ಪುಟ್ಟೀ,

ಕೆಮ್ಮು ಹೇಗಿದೆ? ವಾಸಿ ಎಂದು ಬರೆದಿದ್ದೀಯ, ನಿನ್ನ 'ವಾಸಿ' ಎಂಥದ್ದೆಂದು ನನಗೆ ಗೊತ್ತಿಲ್ಲವೇ! ಬಿಸಿನೀರು ಕುಡಿ, ಕಿವಿಗೆ ಬಟ್ಟೆ ಕಟ್ಟಿಕೋ, ನಗುವವರು ನಗಲಿ. ಅಪ್ಪ ಗುಂಡುಕಲ್ಲಿನ ಹಾಗಿದ್ದಾರೆ. ನಿನ್ನ ಅಣ್ಣಂದಿರಿಬ್ಬರೂ ನಿನ್ನೆ ಬಂದು ಎರಡು ದಿನದ ಅಡುಗೆಯನ್ನು ಒಂದೇ ಹೊತ್ತಿಗೆ ಮುಗಿಸಿ ಹೋದರು.

ನಮ್ಮ ಹೊಲಿಗೆ ಕಾರ್ಖಾನೆಯ ಸುದ್ದಿ ಕೇಳು. ಆಸ್ಪತ್ರೆಗೆ ಕಳಿಸಿದ ಬಿಳಿ ಕೋಟುಗಳಲ್ಲಿ ಅರವತ್ತು ವಾಪಸ್ ಬಂದವು. ಎದೆಯ ಜೇಬು ಎಡಕ್ಕಿರುವ ಬದಲು ಬಲಕ್ಕೆ! ಮೇಸ್ತ್ರಿಗೆ ಮೂಗಿನ ತುದಿಯಲ್ಲೇ ಕೋಪ. "ಹಿಂದಿನ ಸಾಲಿನವ್ರೇ ಮಾಡಿರೋದು, ಅವ್ರು ಇರೋದೇ ಹಾಗೆ" ಅಂದುಬಿಟ್ಟರು. ಹಿಂದಿನ ಸಾಲಿನವರೆಂದರೆ ಮುಚ್ಚಿಹೋದ ಇನ್ನೊಂದು ಕಾರ್ಖಾನೆಯಿಂದ ಬಂದ ಒಂಬತ್ತು ಹೆಂಗಸರು. ಒಬ್ಬೊಬ್ಬರನ್ನಾಗಿ ಕೇಳಲೂ ಇಲ್ಲ! ಎಲ್ಲರನ್ನೂ ಮಿಷನ್ನಿನಿಂದ ಎಬ್ಬಿಸಿ ಗುಂಡಿ ಹಚ್ಚಲು ಕೂರಿಸಿದರು, ತಿಂಗಳ ಕೊನೆಗೆ ಕೆಲಸದಿಂದಲೇ ತೆಗೆಯುವ ಮಾತೂ ಎದ್ದಿತು. ಸುಳ್ಳೇಕೆ ಹೇಳಲಿ, ನಾನೂ ಹೌದೆಂದು ತಲೆಯಾಡಿಸಿದೆ. ಅವರಲ್ಲೊಬ್ಬಳು, ಕನ್ನಡಕದವಳು, "ಅಕ್ಕಾ, ಆ ವಾರ ನಾನು ರಜದಲ್ಲಿದ್ದೆ. ನಾನ್ ಹೇಗೆ ಮಾಡಿರ್ತೀನಿ?" ಎಂದಳು.

ಜೇಬು ಬಿಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಮೊದಲನೆಯದನ್ನು ಬಿಚ್ಚಿದರೆ ಅಡಿಯಲ್ಲಿ ನೀಲಿ ಸೀಮೆಸುಣ್ಣದ ಪುಟ್ಟ ನಕ್ಷತ್ರ. ಉಳಿದವುಗಳಲ್ಲೂ ಅದೇ. ಹೊಲಿಯುವ ಮೊದಲು ಜೇಬಿನ ಜಾಗಕ್ಕೆ ಗುರುತು ಹಾಕುವ ನಮ್ಮಲ್ಲಿ ಉಳಿದವರು ಗೆರೆ ಎಳೆಯುತ್ತಾರೆ. ನಕ್ಷತ್ರ ಬರೆಯುವ ಶೋಕಿ ನನಗೊಬ್ಬಳಿಗೇ! ಮೇಜಿನ ಮೇಲೆ ಹರಡಿದ ಕೋಟಿನ ಎಡವೆಂದರೆ ಎದುರು ನಿಂತ ನನ್ನ ಬಲ. ಅದನ್ನು ಮರೆತು ನನ್ನ ಎಡಗೈ ಕಡೆಗೇ ಗುರುತು ಹಾಕಿದ್ದೆ. ಅವತ್ತು ನಿನ್ನ ಕೆಮ್ಮಿನ ಕಾಗದ ಬಂದಿತ್ತು, ತಲೆ ಎಲ್ಲೋ ಇತ್ತು. ಪಾಪ, ಅವರು ಗುರುತಿನ ಮೇಲೆ ಹೊಲಿದಿದ್ದರು, ಅಷ್ಟೆ.

ಎಲ್ಲರೆದುರು ಮೇಸ್ತ್ರಿಗೆ ಕೋಟು ತೋರಿಸಿ, "ತಪ್ಪು ನಂದು, ನನ್ನೊಬ್ಬಳದ್ದೇ" ಎಂದೆ. ಒಂಬತ್ತೂ ಜನ ಮತ್ತೆ ಮಿಷನ್ನಿಗೆ ಕೂತರು. ಗುಂಡಿ ಹಚ್ಚುವ ಸರದಿ ಈಗ ನನ್ನದು. ಬಿಡು, ಹಾಯಾಗಿದೆ. ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದು, ಕನ್ನಡಕದವಳೇ ಬಂದು ಪೋಣಿಸಿಕೊಟ್ಟು ಬೈದು ಹೋಗುತ್ತಾಳೆ.

ಹೊತ್ತು ಹೊತ್ತಿಗೆ ಊಟ ಮಾಡು. ನೂರು ಕಾಲ ನಗುತ್ತಾ ಬಾಳು.

ನಿನ್ನ,
ಅಮ್ಮ

ಮರೆತಿದ್ದೆ: ನೀವು ಚಿಕ್ಕವರಿದ್ದಾಗ ನಿಲುವುಗನ್ನಡಿ ಒಡೆದಿತ್ತಲ್ಲ. "ಈ ಮಕ್ಕಳೇ ಹೀಗೆ" ಎಂದು ಮೂವರನ್ನೂ ಶಾಲೆಯ ಪ್ರವಾಸಕ್ಕೆ ಕಳಿಸಲಿಲ್ಲ. "ನಾನಲ್ಲಮ್ಮಾ" ಎಂದು ನೀನು ಅತ್ತಿದ್ದೆ. ಕನ್ನಡಿ ಒಡೆದಾಗ ನೀನು ಎಲ್ಲಿದ್ದೆ, ಮಗಳೇ? ನಾನು ಆಗ ಕೇಳಲೇ ಇಲ್ಲ. ಈಗ ಬರೆ.