ಚಳಿ ಆರಿಸಿ ಹೂವು ಕೇಳುವವರಿಗೆ

ಆಡಳಿತ ವಿಭಾಗದ ಮುಖ್ಯಸ್ಥರೇ,

ನಮ್ಮ ಸಸ್ಯ ಸಂಶೋಧನಾಲಯದ ನಲವತ್ತು ಕುಂಡಗಳಲ್ಲಿ ಒಂದು ಗಿಡವೂ ಹೂ ಬಿಟ್ಟಿಲ್ಲವೆಂದೂ, ಏಳು ದಿನದೊಳಗೆ ಲಿಖಿತ ಸಮಜಾಯಿಷಿ ಬಾರದಿದ್ದರೆ ಸಂಶೋಧನೆಯನ್ನೇ ರದ್ದುಪಡಿಸಲಾಗುವುದೆಂದೂ ಇಲ್ಲಿನ ವಿದ್ಯಾರ್ಥಿನಿಗೆ ನೋಟಿಸು ಕಳಿಸಿದ್ದೀರಿ. ಸಮಜಾಯಿಷಿ ಅವರು ಕೊಡಬೇಕಾದ್ದಲ್ಲ. ಆ ಗಿಡಗಳ ಚಳಿಯನ್ನು ಕಿತ್ತುಕೊಂಡದ್ದು ತಮ್ಮದೇ ಸುತ್ತೋಲೆ. ನಾನು ಇಪ್ಪತ್ತಾರು ವರ್ಷದಿಂದ ಇಲ್ಲಿ ಕುಂಡಗಳಿಗೆ ನೀರು ಹಾಕುತ್ತಿರುವ ಅಟೆಂಡರ್. ಇಂಥ ಕಾಗದಗಳನ್ನು ನೋಡಿ ನೋಡಿ ಈಗ ಸಿಟ್ಟು ಕೂಡ ಸರಿಯಾಗಿ ಬರುವುದಿಲ್ಲ. ಆದರೂ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ಆ ಗಿಡ ಸಾಸಿವೆಯ ದೂರದ ನೆಂಟ. ಅದರೊಳಗೆ ಹೂವನ್ನು ತಡೆಹಿಡಿಯುವ ಒಂದು ಜೀನ್ ಇದೆ. ಎಲೆ ಬಿಡು, ಬೇರು ಬಿಡು, ಹೂ ಮಾತ್ರ ಈಗ ಬೇಡ ಎಂಬುದು ಅದರ ಹಟ. ಕಡತದ ಮೇಲೆ ಕೈಯೂರಿ ಕೂರುವ ಗುಮಾಸ್ತರನ್ನು ಇಷ್ಟೊಂದು ಸಾಕಿಕೊಂಡಿರುವ ತಮಗೆ ಇದನ್ನು ಬಿಡಿಸಿ ಹೇಳಬೇಕೆ? ಎಂಟು ವಾರ ಒಂದೇ ಸಮನೆ ಚಳಿ ಸಿಕ್ಕರೆ ಆ ಜೀನಿನ ಜೋರು ದಿನದಿನಕ್ಕೂ ಅಡಗುತ್ತದೆ. ಚಳಿಗಾಲ ಕಳೆಯಿತೆಂದು ಗಿಡಕ್ಕೆ ನಂಬಿಕೆ ಬಂದ ಮೇಲೆಯೇ ಮೊಗ್ಗು. ಪೂರ್ತಿ ಅಡಗುವ ಮೊದಲು ಸೆಕೆ ಹೊಡೆದರೆ ಅದು ಮತ್ತೆ ತಲೆ ಎತ್ತುತ್ತದೆ, ಅಷ್ಟು ದಿನದ ಚಳಿ ಬಹುಪಾಲು ನೀರುಪಾಲು. ಇದೆಲ್ಲ ಆ ವಿದ್ಯಾರ್ಥಿನಿ ಕುಂಡ ಜೋಡಿಸುತ್ತ ನನಗೆ ಹೇಳಿಕೊಟ್ಟದ್ದು. ಹೂ ಬಿಟ್ಟರೆ ಬೀಜ, ಬೀಜ ಸಿಕ್ಕರೆ ಅವರ ನಾಲ್ಕು ವರ್ಷದ ಕೆಲಸಕ್ಕೆ ಒಂದು ಕೊನೆ.

ಕುಂಡಗಳನ್ನು ಎ.ಸಿ. ಹಾಕಿದ ಕೋಲ್ಡ್ ರೂಮಿನಲ್ಲಿಟ್ಟ ಆರನೇ ವಾರ ತಮ್ಮ ಸುತ್ತೋಲೆ ಬಂತು: ಯಾರೂ ಕುಳಿತಿರದ ಕೊಠಡಿಗಳ ಎ.ಸಿ.ಯನ್ನು ರಜಾದಿನಗಳಲ್ಲಿ ಕಡ್ಡಾಯವಾಗಿ ಆರಿಸತಕ್ಕದ್ದು. ನಾಲ್ಕು ದಿನ ರಜೆ. ವಿದ್ಯಾರ್ಥಿನಿ ತಂದೆಯ ಆಪರೇಷನ್ ಎಂದು ಊರಿಗೆ ಹೋಗಿದ್ದರು. ನಾನೇ ತಮ್ಮ ಕಚೇರಿಗೆ ಫೋನ್ ಮಾಡಿದೆ.

"ಸರ್, ಕೋಲ್ಡ್ ರೂಮ್ ಆರಿಸೋ ಹಾಗಿಲ್ಲ."

"ಒಳಗೆ ಯಾರಾದ್ರೂ ಕೂತಿದಾರೇನ್ರೀ?"

"ಇಲ್ಲ ಸರ್, ಗಿಡಗಳಿದಾವೆ."

"ಗಿಡಕ್ಕೆ ಎ.ಸಿ. ಹಾಕಿ ಸಾಕ್ತೀರಾ? ಸುತ್ತೋಲೇಲಿ ಏನಿದೆಯೋ ಅಷ್ಟು ಮಾಡ್ರೀ."

ಅಷ್ಟನ್ನೇ ಮಾಡಲಾಯಿತು. ನಾಲ್ಕು ದಿನ ಕಿಟಕಿಯಿಲ್ಲದ ಆ ಕೊಠಡಿ ಒಲೆಯಂತೆ ಕಾದಿತ್ತು. ಸುತ್ತೋಲೆಯ ಉತ್ತಮ ಪಾಲನೆಗಾಗಿ ನಮ್ಮ ವಿಭಾಗಕ್ಕೆ ತಮ್ಮಿಂದ ಪ್ರಶಂಸಾಪತ್ರವೂ ಬಂತು. ಅದರ ಮೇಲಿದ್ದ ಸಹಿಯೇ ಈಗ ನೋಟಿಸಿನ ಮೇಲೂ ಇದೆ. ಒಂದೇ ಕೆಲಸಕ್ಕೆ ಶಹಬ್ಬಾಸ್‌ಗಿರಿಯನ್ನೂ ಶಿಕ್ಷೆಯನ್ನೂ ಒಂದೇ ಪೆನ್ನಿನಿಂದ ಕೊಡಬಲ್ಲವರು ಎಷ್ಟು ಮಂದಿ ಇದ್ದಾರು?

ಎಂಟು ವಾರ ಮುಗಿದ ಮೇಲೆ ಕುಂಡಗಳನ್ನು ಹೊರಗೆ ಇಟ್ಟೆವು. ಎಲೆಗಳು ಸೊಂಪಾಗಿ ಬಂದವು, ಬರುತ್ತಲೇ ಇವೆ. ವಿದ್ಯಾರ್ಥಿನಿ ದಿನಾ ಬೆಳಗ್ಗೆ ಒಂದೊಂದು ಗಿಡದ ಸುಳಿಯನ್ನೂ ಬಿಡಿಸಿ ನೋಡುತ್ತಾರೆ. ಮೊನ್ನೆ ಹೇಳಿದರು, "ಅಣ್ಣಾ, ನಾನೇ ಎಲ್ಲೋ ಎಡವಟ್ಟು ಮಾಡಿದೀನಿ. ಬೀಜ ಅದಲುಬದಲಾಗಿರ್ಬೇಕು."

"ಇರಬಹುದಮ್ಮಾ," ಅಂದೆ.

ಮಾನ್ಯರೇ, ಸುತ್ತೋಲೆ ತಮ್ಮದು, ಸ್ವಿಚ್ಚಿನ ಮೇಲಿದ್ದ ಕೈ ನನ್ನದು. ಏನಾಗುತ್ತದೆಂದು ಗೊತ್ತಿದ್ದೂ ಆರಿಸಿದೆ. ಅವರು ಬರುವ ಮೊದಲೇ ಮತ್ತೆ ಹಾಕಿ, ಏನೂ ಆಗಿಲ್ಲವೆಂಬಂತೆ ನೆಲ ಒರೆಸಿದೆ. ಊರಿಗೆ ಹೊರಡುವಾಗ ಅವರು "ನೀವಿದೀರಲ್ಲ ಅಣ್ಣಾ, ನನಗೇನು ಚಿಂತೆ" ಅಂದಿದ್ದರು. ಎದುರು ನಿಂತು ಹೇಳಲು ಮುಖವಿಲ್ಲದೆ ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ. ಅವರಿಗೆ ವಿಷಯ ತಿಳಿಯುವುದು ಈ ಪತ್ರ ಓದಿದಾಗಲೇ.

ನೋಟಿಸನ್ನು ವಾಪಸು ತೆಗೆದುಕೊಳ್ಳಿ. ಅವರಿಗೆ ಇನ್ನೊಂದು ಪೂರ್ತಿ ಚಳಿಗಾಲ ಕೊಡಿ. ಎಂಟು ವಾರ ಚಳಿಗೆ, ಮತ್ತೆಂಟು ವಾರ ಹೂವಿಗೂ ಬೀಜಕ್ಕೂ. ಯಾರಿಗಾದರೂ ನೋಟಿಸು ಹೋಗಲೇಬೇಕೆಂದಿದ್ದರೆ ನನಗೆ ಕಳಿಸಿ. ಮುಂದಿನ ರಜೆಗೂ ತಮ್ಮ ಸುತ್ತೋಲೆ ಬರುತ್ತದೆಂದು ಬಲ್ಲೆ. ಬರಲಿ. ನಾನು ಆರಿಸುವುದಿಲ್ಲ.

ಇಂತಿ,
ಇಪ್ಪತ್ತಾರು ವರ್ಷ ಹೇಳಿದ್ದಷ್ಟನ್ನೇ ಮಾಡಿದ
ಒಬ್ಬ ಅಟೆಂಡರ್